ಶೇಂಗಾದ ಲೆಕ್ಟಿನ್ನೂ ಜೀವಕೋಶಗಳ ವೃದ್ಧಿಯೂ

ರಾಯಚೂರು ನಗರದವರಿಗೂ ದೇವದುರ್ಗ, ಮಾನ್ವಿ ಸೀಮೆಯ ರೈತರಿಗೂ ಶೇಂಗಾ ಚಿರಪರಿಚಿತವಾದುದು. ಎಣ್ಣೆಗೂ ಹಿಂಡಿಗೂ ಒದಗುವ ಈ ಬೀಜದಲ್ಲಿ ಲೆಕ್ಟಿನ್ ಎಂಬ ಜಾತಿಗೆ ಸೇರಿದ ಒಂದು ಪ್ರೋಟೀನು ಉಂಟು. ಜೀವಕೋಶಗಳ ಹೊರಮೈಮೇಲಿನ ಸಕ್ಕರೆಯ ಸರಪಳಿಗಳನ್ನು ಗುರುತಿಸಿ ಹಿಡಿಯುವುದು ಈ ಜಾತಿಯ ಲಕ್ಷಣ. ಶೇಂಗಾದ ಲೆಕ್ಟಿನ್ನಿನ ಅಣುರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರೂ ಅವರ ಸಹೋದ್ಯೋಗಿಗಳೂ 1994ರಲ್ಲಿ ಪ್ರಕಟಿಸಿದರು.

ಲೆಕ್ಟಿನ್ನುಗಳಿಗೆ ಪ್ರಚೋದಕಗಳೆಂಬ ಹೆಸರು ಬಂದ ಬಗೆ ಹೀಗೆ. ರಾಜಮಾ ಕಾಳಿನ ಲೆಕ್ಟಿನ್ನು, ಗಾಜಿನ ಪಾತ್ರೆಯಲ್ಲಿ ಸಾಕಿದ ಬಿಳಿಯ ರಕ್ತಕಣಗಳನ್ನು ವಿಭಜನೆಗೆ ತೊಡಗಿಸುವುದೆಂದು 1960ರಲ್ಲಿ ಅಮೆರಿಕೆಯ ಪೀಟರ್ ನೋವೆಲ್ ಎಂಬವರು ತೋರಿಸಿದರು. ಬಿಳಿಯ ರಕ್ತಕಣಗಳು ರೋಗವನ್ನೆದುರಿಸುವ ಸೈನ್ಯ. ಅದನ್ನು ಹೆಚ್ಚಿಸುವ ದ್ರವ್ಯವು ರೋಗನಿರೋಧಶಕ್ತಿಯ ಪ್ರಚೋದಕವೆನಿಸಿತು. ಆ ಸೈನ್ಯಕ್ಕೆ ಸೇರದ ಕೋಶಗಳ ಮೇಲೆ ಇಂತಹ ದ್ರವ್ಯಗಳು ಏನು ಮಾಡುವುವೆಂಬುದು ಇಲ್ಲಿ ವಿಚಾರಣೀಯ.

ಹಲಸಿನ ಬೀಜದ ಲೆಕ್ಟಿನ್ನಾದ ಜಾಕಲಿನ್, ಟಿ ಜಾತಿಯ ಬಿಳಿಯ ಕಣಗಳನ್ನು ವಿಭಜನೆಗೆ ಪ್ರೇರಿಸುವುದು. ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೆಗೆದು ಬೆಳೆಸಿದ ಎಚ್‌ಟಿ 29 ಎಂಬ ಕೋಶಗಳ ವೃದ್ಧಿಯನ್ನಾದರೋ ಅದೇ ಜಾಕಲಿನ್ ತಡೆಯುವುದು. ಶೇಂಗಾದ ಲೆಕ್ಟಿನ್ನಿನ ನಡತೆ ಇದಕ್ಕೆ ವಿಪರೀತವಾದುದು. ಪಕ್ವವಾದ ಬಿಳಿಯ ಕಣಗಳ ಮೇಲೆ ಸಿಯಾಲಿಕ್ ಆಮ್ಲದ ಮುಸುಕಿರುವ ತನಕ ಅದು ಅವನ್ನು ಪ್ರಚೋದಿಸಲಾರದು. ಎಚ್‌ಟಿ 29 ಕೋಶಗಳನ್ನಾದರೋ ವೃದ್ಧಿಗೊಳಿಸುವುದೆಂದು 1992ರಲ್ಲಿ ಲಿವರ್‌ಪೂಲಿನ ಸಂಶೋಧಕರು ಕಂಡರು. ಪೇಟೆಯಲ್ಲಿ ದೊರೆಯುವ ಬಿಳಿಯ ಅಣಬೆಯ ಲೆಕ್ಟಿನ್ನು ಅವುಗಳ ವೃದ್ಧಿಯನ್ನು ತಡೆಯುವುದೆಂದು 1993ರಲ್ಲಿ ಅವರೇ ತಿಳಿಸಿದರು.

ಈ ಮೂರೂ ಹಿಡಿಯುವುದು ಬಹುಮಟ್ಟಿಗೆ ಒಂದೇ ಸಕ್ಕರೆಯ ಜೋಡಿಯನ್ನು. ಹಾಗಿದ್ದೂ ಫಲವು ಬೇರಾದುದೇಕೆ? ಶೇಂಗಾದ ಲೆಕ್ಟಿನ್ನು ಹೊರಮೈಯ ಗ್ರಾಹಕವನ್ನು ಎಚ್ಚರಿಸಿ ವೃದ್ಧಿಯ ಸೂಚನೆಯನ್ನು ಒಳಕ್ಕೆ ಕಳುಹಿಸುವುದು; ಅಣಬೆಯ ಲೆಕ್ಟಿನ್ನು ಕೋಶದೊಳಹೊಕ್ಕು, ಕೋಶಕೇಂದ್ರಕ್ಕೆ ಪ್ರೋಟೀನುಗಳು ಸಾಗುವ ದಾರಿಯನ್ನು ಕಟ್ಟುವುದು. ನಮ್ಮ ಭಾಷೆಯಲ್ಲಿಯೂ ಇದಕ್ಕೆ ಸಾದೃಶ್ಯವುಂಟು. ‘ಮಾಡಿಬಿಡು’ ಎಂಬಲ್ಲಿ ಕೆಲಸವನ್ನು ಮುಗಿಸುವ ‘ಬಿಡು’ ಧಾತುವೇ ‘ಮಾಡುವುದನ್ನು ಬಿಡು’ ಎಂಬಲ್ಲಿ ಅದನ್ನು ನಿಲ್ಲಿಸುತ್ತದೆ. ನೆರೆಯ ಪದವನ್ನು ನೋಡದೆ ಅರ್ಥ ಹೇಳಲಾಗದು.

ಆದುದರಿಂದ ಪ್ರಚೋದಕತ್ವವು ದ್ರವ್ಯಕ್ಕೂ ಕೋಶಕ್ಕೂ ಇರುವ ಸಂಬಂಧದಲ್ಲಿದೆ. ರೋಗನಿರೋಧಶಕ್ತಿಯನ್ನು ಹೆಚ್ಚಿಸುವುದೆಂದು ಇಂದು ಮಾರಾಟವಾಗುವ ಪುಡಿ, ಕಷಾಯಗಳ ವಿಷಯದಲ್ಲಿ ‘ಯಾವ ಕೋಶವನ್ನು? ಯಾವ ಕಡೆಗೆ?’ ಎಂದು ಕೇಳುವುದು ವಿವೇಕ. ಗಾಜಿನ ಪಾತ್ರೆಯಲ್ಲಿ ಕಂಡುದೆಲ್ಲ ದೇಹದಲ್ಲಿಯೂ ಹಾಗೆಯೇ ನಡೆಯುವುದೆಂದು ಹೇಳಲಾಗದು. ಈ ಪ್ರಯೋಗಗಳಿಂದ ಶೇಂಗಾ ಹಿಂಡಿಗೆ ಅಂಜಬೇಕಾಗಿಲ್ಲ, ಅಣಬೆಯನ್ನು ಔಷಧವೆಂದು ಕೊಳ್ಳಬೇಕಾಗಿಯೂ ಇಲ್ಲ.