ಬೆನ್ನಿಗೆ ಚೀಲ, ಬಾಯಿಗೆ ಬಾರದ ತುಳು

ಗೋಕರ್ಣ ಮುಗಿಸಿ ಕೊಚ್ಚಿ ಕಡೆ ಹೊರಟ ವಿದೇಶಿ ಬ್ಯಾಕ್‌ಪ್ಯಾಕರ್‌ಗಳಲ್ಲಿ ಕೆಲವರು ಉಡುಪಿಯಲ್ಲಿ ಒಂದೆರಡು ದಿನ ಇಳಿಯುತ್ತಾರೆ. ಕೃಷ್ಣ ಮಠ, ಮಸಾಲೆ ದೋಸೆ, ಮಲ್ಪೆ ಬೀಚು, ಮತ್ತೆ ಕೊಂಕಣ ರೈಲು. ಕಾಲೇಜು ಹುಡುಗರು ಅವರ ಹತ್ತಿರ ಹೋಗುವುದು ಹೆಚ್ಚಾಗಿ ‘ಒನ್ ಸೆಲ್ಫಿ ಪ್ಲೀಸ್’ ಎನ್ನುವುದಕ್ಕೆ. ಫೋಟೊ ಇನ್‌ಸ್ಟಾಗ್ರಾಂಗೆ ಏರುತ್ತದೆ. ಫೋಟೊದಲ್ಲಿರುವವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ನನಗೆ ಪೋಲೆಂಡಿನ ಗೆಳೆಯನೊಬ್ಬ ಸಿಕ್ಕಿದ್ದು ಸೆಲ್ಫಿಯಿಂದಲ್ಲ, ತುಳು ಬಾರದ್ದರಿಂದ. ನಾನು ಗದಗ ಕಡೆಯವನು, ಬಿಇ ಓದಲು ಬಂದು ಮಣಿಪಾಲದಲ್ಲಿ ರೂಮು ಮಾಡಿಕೊಂಡಿದ್ದೇನೆ. ಸೆಮಿಸ್ಟರ್ ರಜೆಯಲ್ಲಿ ಒಂದು ದಿನ ಕಾರ್ಕಳದ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಆನೆಮರಿಯಂಥ ಚೀಲ ಹೊತ್ತವನೊಬ್ಬ. ಕಂಡಕ್ಟರು ‘ದುಂಬು ಪೋಲೆ’ ಎಂದರು. ಮುಂದೆ ಹೋಗಿ ಎಂಬುದಷ್ಟು ಎರಡು ವರ್ಷದಲ್ಲಿ ಕಲಿತಿದ್ದೆ. ಅದರ ಹಿಂದೆಯೇ ಬಂದ ಉದ್ದನೆಯ ವಾಕ್ಯ ತಲೆಯ ಮೇಲೆ ಹಾರಿಹೋಯಿತು. ಅವನು ಅನುವಾದಕ್ಕೆಂದು ನನ್ನ ಮುಖ ನೋಡಿದ. ನನಗೂ ಈ ಭಾಷೆ ಬರದು ಎಂದೆ. ‘ಹಾಗಾದರೆ ನೀನೂ ಟೂರಿಸ್ಟಾ?’ ಎಂದು ಜೋರಾಗಿ ನಕ್ಕ. ಪರ್ಕಳ, ಹಿರಿಯಡಕ, ಬೈಲೂರು ದಾಟುವಷ್ಟರಲ್ಲಿ ಅವನು ಎಲೆಕ್ಟ್ರಿಷಿಯನ್, ಎರಡು ಚಳಿಗಾಲ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ಈ ಪ್ರವಾಸಕ್ಕೆ ದುಡ್ಡು ಕೂಡಿಸಿದವನು ಎಂಬುದೆಲ್ಲ ಗೊತ್ತಾಯಿತು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದೇ ಆದ್ದರಿಂದ ವ್ಯಾಕರಣದ ಹೆದರಿಕೆ ಇಬ್ಬರಿಗೂ ಇರಲಿಲ್ಲ.

ಕಾರ್ಕಳದ ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಿ ನಿಂತಾಗ ಅವನು ಮೂರ್ತಿಗಿಂತ ಹೆಚ್ಚು ಹೊತ್ತು ಬಂಡೆಯನ್ನೇ ನೋಡಿದ. 42 ಅಡಿಯ ಏಕಶಿಲೆ, 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು ಎಂದೆ. ‘ಸರಿ, ಮೇಲೆ ಹೇಗೆ ತಂದರು?’ ಎಂದು ಕೇಳಿದ. ಬಂಡಿಯ ಮೇಲೆ ಇಟ್ಟು ಜನ ಎಳೆದರೆಂದು ಕವಿ ಚಂದ್ರಮನ ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿದೆಯಂತೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ ಅನ್ನಿ. ನೆರಳಲ್ಲಿ ಕೂತು ನನ್ನ ನೋಟ್‌ಬುಕ್ಕಿನ ಹಾಳೆ ಹರಿದು ಇಳಿಜಾರು, ಘರ್ಷಣೆ, ಹಗ್ಗದ ಎಳೆತ ಎಲ್ಲ ಬರೆದೆವು. ಮೊದಲ ವರ್ಷದ ಮೆಕ್ಯಾನಿಕ್ಸ್ ಪೇಪರಿನಲ್ಲಿ ಪಾಸಾಗಲು ಮಾತ್ರ ಬಳಸಿದ್ದ ಸೂತ್ರ ಅದು. ಹಗ್ಗವನ್ನು ಯಾವ ಬಂಡೆಗೆ ಸುತ್ತಿರಬಹುದು ಎಂಬ ವಾದದಲ್ಲಿ ಅವನೇ ಗೆದ್ದ. ಗೋದಾಮಿನಲ್ಲಿ ನಿಜವಾದ ಭಾರ ಎಳೆದ ಕೈ ಅವನದು. ಮಧ್ಯಾಹ್ನ ಚತುರ್ಮುಖ ಬಸದಿಗೆ ಹೋದೆವು. 1586ರದು, ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು. ‘ಎದುರಿನ ಬಾಗಿಲು ಯಾವುದು?’ ಎಂದು ಸುತ್ತಿ ಸುತ್ತಿ ಕೊನೆಗೆ ಸುಮ್ಮನಾದ.

ಜಗಳವಾದದ್ದು ಊಟದ ಬಿಲ್ಲಿಗೆ. ನಮ್ಮ ಕಡೆ ಬಂದವರ ಕೈಯಲ್ಲಿ ದುಡ್ಡು ಕೊಡಿಸುವ ಪದ್ಧತಿ ಇಲ್ಲ. ಅವನು ಪಟ್ಟು ಬಿಡಲಿಲ್ಲ. ಅವನ ಮಾತು ಇಷ್ಟು: ಈ ಒಂದು ತಿಂಗಳಲ್ಲಿ ಸಿಕ್ಕವರಲ್ಲಿ ಅರ್ಧ ಜನ ಎರಡು ಪಟ್ಟು ರೇಟು ಹೇಳಿದರು, ಇನ್ನರ್ಧ ಜನ ಒಂದು ರೂಪಾಯಿಯನ್ನೂ ಕೊಡಗೊಡಲಿಲ್ಲ. ಎರಡರಲ್ಲೂ ತಾನು ಹೊರಗಿನವನಾಗಿಯೇ ಉಳಿದೆ. ಅತಿಥಿ ದೇವರು ಎಂದು ಕಲಿತು ಬೆಳೆದ ನಮಗೆ, ದೇವರಾಗಿ ಇರುವುದೂ ಬೇಸರದ ಕೆಲಸ ಎಂಬುದು ಹೊಳೆಯುವುದು ಕಷ್ಟ. ಅಂದಿನಿಂದ ಬಸ್ ಟಿಕೆಟ್ ನನ್ನದು, ತಿಂಡಿ ಅವನದು ಎಂದಾಯಿತು.

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಇದನ್ನೆಲ್ಲ ಕೇಳಿ, ‘ನಿನಗೆ ಸುಲಭ. ನಾನು ಬಸ್ಸಿನಲ್ಲಿ ಹೀಗೆ ಮಾತಾಡಿಸಿದ್ದರೆ ಸಂಜೆಯೊಳಗೆ ಮನೆಗೆ ಫೋನು ಹೋಗುತ್ತಿತ್ತು’ ಎಂದಳು. ಅದು ನಿಜ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮರುದಿನ ಸಂಜೆ ಕಾಪುವಿಗೆ ಹೋದೆವು. ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ಹತ್ತಿ ಇಳಿದು, ಗೋಳಿಬಜೆ ತಿನ್ನುತ್ತಾ ಕೂತಾಗ ಅವನು ‘ಮುಂದಿನ ಸಲ ನೀನು ನಮ್ಮಲ್ಲಿಗೆ ಬಾ’ ಎಂದ. ಅವನಿಗೆ ನಮ್ಮ ದೇಶದ ಇ-ವೀಸಾ ಮನೆಯಲ್ಲಿ ಕೂತಲ್ಲೇ ಸಿಕ್ಕಿತ್ತು. ನಾನು ಮೊಬೈಲಿನಲ್ಲಿ ಷೆಂಗೆನ್ ವೀಸಾದ ಪಟ್ಟಿ ತೆರೆದು ಕೈಗೆ ಕೊಟ್ಟೆ. ಶುಲ್ಕ 90 ಯೂರೊ, ವೀಸಾ ಸಿಗದಿದ್ದರೆ ಅದು ವಾಪಸ್ಸಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಅವನು ಕೆಳಗಿನ ತನಕ ಓದಿ, ಮತ್ತೆ ಮೇಲಿನಿಂದ ಓದಿದ. ಇಷ್ಟೊಂದಿದೆಯೆಂದು ಗೊತ್ತಿರಲಿಲ್ಲ ಎಂದ. ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಬರಲಿಲ್ಲ. ಟಿಕೆಟ್ಟು, ತಿಂಡಿ ಎಂದು ಎರಡು ದಿನ ಸರಿಸಮ ಮಾಡಿಕೊಂಡು ಬಂದಿದ್ದೆವು. ಪಾಸ್‌ಪೋರ್ಟನ್ನು ಹಾಗೆ ಹಂಚಿಕೊಳ್ಳಲು ಬರುವುದಿಲ್ಲ.

ನೇಪಾಳದ ಯೋಚನೆ ಬಂದದ್ದು ಅಲ್ಲೇ. ನಮಗೆ ಅಲ್ಲಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇದ್ದರೆ ಆಯಿತು. ಅವನಿಗೆ ಇಳಿದಲ್ಲೇ ವೀಸಾ ಕೊಡುತ್ತಾರೆ. ಅವನು ಈಗ ಊರಿಗೆ ಮರಳಿ ಮತ್ತೆ ರಾತ್ರಿ ಪಾಳಿ ಮಾಡುತ್ತಿದ್ದಾನೆ, ನಾನು ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಶುರು ಮಾಡಿದ್ದೇನೆ. ‘ಯಾರದೋ ಮಾತು ಕೇಳಿ ಅಷ್ಟು ದೂರ ಯಾಕ?’ ಎಂದಿದ್ದ ಅವ್ವ, ವಿಡಿಯೊ ಕಾಲಿನಲ್ಲಿ ಅವನು ‘ಊಟ ಆಯ್ತ್ರಿ?’ ಎಂದ ಮೇಲೆ ಅರ್ಧ ಒಪ್ಪಿದ್ದಾಳೆ. ಏಳನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರವೇ ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಸೋನೌಲಿ ಗಡಿಗೆ ಬಸ್ಸು. ಅವನು ಕಠ್ಮಂಡುವಿನ ಕಡೆಯಿಂದ ಬರುತ್ತಾನೆ. ಗಡಿಯ ಗೇಟು ದಾಟಿದ ಮೇಲಿನ ಮೊದಲ ಚಹಾ ಅವನ ಲೆಕ್ಕದಲ್ಲಿ.