ಹುಡುಗ ಹೋದ, ಗೆಳತಿಯರೂ ಹೋದರು, ಈಗ ಇಡೀ ಕ್ಲಾಸು ನನ್ನ ಬಗ್ಗೆಯೇ ಮಾತಾಡ್ತಿದೆ: ಏನು ಮಾಡಲಿ?

ಇವತ್ತಿನ ಮಾತು ಒಂಬತ್ತನೇ, ಹತ್ತನೇ ಕ್ಲಾಸಿನ ಹುಡುಗಿಯರಿಗೆ. ಪಕ್ಕದಲ್ಲಿ ಅಮ್ಮ ಕೂತಿದ್ದರೆ ಅವರೂ ಕೇಳಲಿ, ಕೊನೆಗೆ ಅವರಿಗೂ ಸ್ವಲ್ಪ ಹೇಳುವುದಿದೆ. ವಿಡಿಯೋದಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆದು ಹಾಕಿದ್ದೇನೆ. ಮುಂಬೈಯ ಒಂದು ರೂಮು, ಒಂದು ಕಿಚನ್ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ತಮ್ಮ ಎಲ್ಲರ ನಡುವೆ ಕೂತು ಇಂಥ ವಿಡಿಯೋ ಕೇಳುವುದು ಎಷ್ಟು ಕಷ್ಟ ಅಂತ ಗೊತ್ತು. ಓದೋದಾದರೆ ಯಾರಿಗೂ ಕೇಳಿಸುವುದಿಲ್ಲ.

ಡೊಂಬಿವಲಿ, ಮೀರಾರೋಡ್, ಭಾಂಡುಪ್ ಕಡೆಯ ನಮ್ಮ ಹುಡುಗಿಯರು ನನ್ನ ಹತ್ತಿರ ಹೇಳಿಕೊಂಡ ಕಥೆಗಳಲ್ಲಿ ಹೆಸರು ಬೇರೆ, ಶಾಲೆ ಬೇರೆ, ಆದರೆ ನಡೆದದ್ದು ಹೆಚ್ಚುಕಡಿಮೆ ಒಂದೇ. ಒಬ್ಬ ಹುಡುಗನ ಜೊತೆ ನಾಲ್ಕೈದು ತಿಂಗಳು ಮಾತುಕತೆ ಇತ್ತು. ಅವನು ಬಿಟ್ಟ. ಅವನ ಗುಂಪು, ಇವಳ ಗುಂಪು ಒಂದೇ ಆಗಿದ್ದರಿಂದ ಗೆಳತಿಯರು ಎರಡು ಭಾಗ ಆದರು, ಜಾಸ್ತಿ ಜನ ಆ ಕಡೆ ಹೋದರು. ಆಮೇಲೆ ಇವಳ ಬಗ್ಗೆ ಒಂದು ಮಾತು ಹುಟ್ಟಿತು. ಎರಡು ದಿನದಲ್ಲಿ ಆ ಮಾತಿಗೆ ಕೈಕಾಲು ಬಂತು.

ದೊಡ್ಡವರು ಇದನ್ನು "ಬ್ರೇಕಪ್ಪು, ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ, ಇಲ್ಲಿ ಮೂರು ನಷ್ಟ ಇದೆ. ಪ್ರೀತಿಸಿದವನು ಹೋದ. ಆ ದುಃಖ ಹೇಳಿಕೊಳ್ಳಬೇಕಾಗಿದ್ದ ಗೆಳತಿಯರು ಹೋದರು. ಮೂರನೆಯದಾಗಿ ಹೆಸರು ಹೋಯಿತು, ಅಂದರೆ ಕ್ಲಾಸಿನೊಳಗೆ ಕಾಲಿಟ್ಟಾಗ "ನಾನು ಯಾರು" ಅನ್ನುವ ಧೈರ್ಯ ಹೋಯಿತು. ಮೂರೂ ಒಂದೇ ವಾರದಲ್ಲಿ ಹೋದರೆ ದೊಡ್ಡವರೇ ಕುಸಿಯುತ್ತಾರೆ. ನೀನು ಹದಿನೈದರವಳು. ಕುಸಿದರೆ ಅದು ನಾಟಕ ಅಲ್ಲ.

ಇಷ್ಟು ನೋವು ಯಾಕೆ?

2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿದವರಿಗೆ ಕಂಪ್ಯೂಟರಿನಲ್ಲಿ ಒಂದು ಚೆಂಡಾಟ ಕೊಟ್ಟರು. ಬೇರೆ ಇಬ್ಬರ ಜೊತೆ ಆಡ್ತಿದ್ದೀರಿ ಅಂತ ನಂಬಿಸಿದರು. ನಿಜವಾಗಿ ಆ ಇಬ್ಬರು ಬರೀ ಕಂಪ್ಯೂಟರ್ ಪ್ರೋಗ್ರಾಂ. ಸ್ವಲ್ಪ ಹೊತ್ತಾದ ಮೇಲೆ ಆ "ಇಬ್ಬರು" ತಮ್ಮತಮ್ಮಲ್ಲೇ ಚೆಂಡು ಎಸೆದುಕೊಳ್ಳೋಕೆ ಶುರು ಮಾಡಿದರು, ಇವರಿಗೆ ಕೊಡಲೇ ಇಲ್ಲ. ಆಗ ಮೈಗೆ ನೋವಾದಾಗ ಕೆಲಸ ಮಾಡುವ ಮಿದುಳಿನ ಒಂದು ಭಾಗ ಇಲ್ಲೂ ಚುರುಕಾಯಿತು. ಆ ಭಾಗಕ್ಕೆ ಬೇರೆ ಕೆಲಸಗಳೂ ಇವೆ, ಆದ್ದರಿಂದ ಎರಡೂ ನೋವು ಒಂದೇ ಅಂತ ಹೇಳೋಕಾಗಲ್ಲ. ಆದರೆ ಗುಂಪಿನಿಂದ ಹೊರಗೆ ಹಾಕಿಸಿಕೊಳ್ಳುವುದನ್ನು ಮಿದುಳು ಸಣ್ಣ ವಿಷಯ ಅಂತ ತಗೊಳ್ಳಲ್ಲ ಅನ್ನೋದು ಇದರಿಂದ ತಿಳಿಯುತ್ತೆ. ಗುರುತೇ ಇಲ್ಲದವರು ಚೆಂಡು ಕೊಡದಿದ್ದರೇ ಹೀಗೆ. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತು ಡಬ್ಬ ಹಂಚಿಕೊಂಡವಳು ಮುಖ ತಿರುಗಿಸಿದರೆ?

ಇದರ ಜೊತೆಗೆ ವಯಸ್ಸಿನ ಒಂದು ಲೆಕ್ಕ ಇದೆ. ಹದಿಹರೆಯದಲ್ಲಿ ಓರಗೆಯವರ ಮೆಚ್ಚುಗೆ, ತಿರಸ್ಕಾರ ಎರಡಕ್ಕೂ ಮಿದುಳು ವಿಪರೀತ ಸ್ಪಂದಿಸುತ್ತೆ. ಆವೇಶಕ್ಕೆ ಲಗಾಮು ಹಾಕಿ ದೂರದ್ದು ಯೋಚಿಸುವ ಮುಂಭಾಗದ ಮಿದುಳು ಪೂರ್ತಿ ಬಲಿಯೋದು ಇಪ್ಪತ್ತು ದಾಟಿ ಕೆಲವು ವರ್ಷ ಆದ ಮೇಲೆ. ಹಾಗಾಗಿ "ಇದು ಯಾವತ್ತೂ ಮುಗಿಯಲ್ಲ" ಅಂತ ನಿನಗೆ ಅನಿಸುತ್ತಲ್ಲ, ಆ ಭಾವನೆ ನಿಜ. ಆ ಭವಿಷ್ಯವಾಣಿ ಮಾತ್ರ ನಿಜ ಅಲ್ಲ.

ಮುಂಬೈಯಲ್ಲಿ ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ

ಹೊರಗಿನವರಿಗೆ ಮುಂಬೈ ಅಂದರೆ ಯಾರಿಗೂ ಯಾರ ಪರಿಚಯ ಇಲ್ಲದ ಊರು. ನಮಗೆ ಗೊತ್ತು, ಹಾಗಿಲ್ಲ. ಶಾಲೆಯಲ್ಲಿ ಇದ್ದವರೇ ಸಂಜೆ ಕ್ಲಾಸಿನಲ್ಲೂ ಇರ್ತಾರೆ. ಅವರಲ್ಲಿ ಇಬ್ಬರು ನಿನ್ನದೇ ಸೊಸೈಟಿ, ಲಿಫ್ಟಿನಲ್ಲಿ ಸಿಗ್ತಾರೆ. ಭಾನುವಾರ ಸಂಘದ ಅರಸಿನ ಕುಂಕುಮ ಇದ್ದರೆ ಅಲ್ಲಿ ಅವರ ಅಮ್ಮಂದಿರು. ಅಂಧೇರಿಯಲ್ಲಿ ಆಡಿದ ಮಾತು ಲೋಕಲ್ ಟ್ರೈನ್ ಥರ ಎಲ್ಲ ಸ್ಟೇಷನ್‌ನಲ್ಲೂ ನಿಂತು, ಒಂದು ವಾರದಲ್ಲಿ ಉಡುಪಿಯ ಅತ್ತೆಯ ಫೋನಿಗೂ ಮುಟ್ಟಿರುತ್ತೆ. "ಊರಿಗೆ ಗೊತ್ತಾದರೆ ಏನು ಗತಿ" ಅನ್ನೋ ಭಯ ನಮ್ಮ ಹುಡುಗಿಗೆ ಇರುವಷ್ಟು ಅವಳ ಮರಾಠಿ, ಗುಜರಾತಿ ಗೆಳತಿಗೆ ಅರ್ಥವೇ ಆಗದೆ ಇರಬಹುದು. ಅವರಿಗೂ ಅವರವರ ಊರು ಇದೆ, ಅದು ಬೇರೆ ಮಾತು.

ಆದರೆ ಇದೇ ಮುಂಬೈಯಲ್ಲಿ ಒಂದು ಬಾಗಿಲೂ ಇದೆ. ಹತ್ತನೇ ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಹನ್ನೊಂದನೇ ಕ್ಲಾಸಿಗೆ ಹೆಚ್ಚಿನವರು ಜೂನಿಯರ್ ಕಾಲೇಜಿಗೆ ಹೋಗ್ತಾರೆ. ಆನ್‌ಲೈನ್ ಪ್ರವೇಶದಲ್ಲಿ ಒಬ್ಬಳಿಗೆ ಮಾಟುಂಗ ಸಿಗುತ್ತೆ, ಇನ್ನೊಬ್ಬಳಿಗೆ ಮುಲುಂಡ್, ಮತ್ತೊಬ್ಬಳಿಗೆ ವಾಶಿ. ಕ್ಲಾಸು ಅನ್ನೋ ಗುಂಪು ತಾನಾಗೇ ಚದುರಿಹೋಗುತ್ತೆ. ಯಾರು ಯಾರ ಜೊತೆ ಕೂರಬೇಕು ಅಂತ ಇವತ್ತು ತೀರ್ಪು ಕೊಡ್ತಿರೋ ಆ ನ್ಯಾಯಾಲಯಕ್ಕೆ ಇನ್ನು ಕೆಲವು ತಿಂಗಳು ಮಾತ್ರ ಆಯಸ್ಸು. ಇವತ್ತಿನ ನೋವು ಇದರಿಂದ ಕಡಿಮೆ ಆಗಲ್ಲ, ನಿಜ. ಆದರೆ ಅದಕ್ಕೆ ಒಂದು ಕೊನೆ ದಿನಾಂಕ ಇದೆ ಅಂತ ತಿಳಿದರೆ ತಡೆದುಕೊಳ್ಳೋ ಶಕ್ತಿ ಬರುತ್ತೆ.

ಗುಸುಗುಸು ಹೇಗೆ ಕೆಲಸ ಮಾಡುತ್ತೆ

ಮನುಷ್ಯರ ಮಾತುಕತೆಯಲ್ಲಿ ಸುಮಾರು ಮೂರನೇ ಎರಡು ಭಾಗ ಜನರ ಬಗ್ಗೆ, ಸಂಬಂಧಗಳ ಬಗ್ಗೆಯೇ ಇರುತ್ತೆ ಅಂತ ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ತೋರಿಸಿದರು. ಅಂದರೆ ಗಾಸಿಪ್ ಕೆಟ್ಟ ಹುಡುಗಿಯರ ಚಟ ಅಲ್ಲ, ಗಂಡಸರೂ ಮಾಡ್ತಾರೆ, ನಾವೆಲ್ಲ ಮಾಡ್ತೀವಿ. ಗುಂಪು ಕಟ್ಟಿಕೊಳ್ಳೋಕೆ ಅದೊಂದು ಅಂಟು. ತೊಂದರೆ ಎಲ್ಲಿ ಅಂದರೆ, ಆ ಅಂಟಿಗೆ ಯಾರಾದರೂ ಒಬ್ಬರು ಬಲಿ ಬೇಕು.

ಅದನ್ನು ಬೇಕಂತಲೇ ಆಯುಧ ಮಾಡಿಕೊಂಡರೆ ಅದಕ್ಕೆ ಬೇರೆ ಹೆಸರಿದೆ. 1995ರಲ್ಲಿ ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರಾಟ್‌ಪೀಟರ್ ಶಾಲಾ ಮಕ್ಕಳಲ್ಲಿ ಇದನ್ನು ಅಧ್ಯಯನ ಮಾಡಿ "ಸಂಬಂಧಗಳ ಮೂಲಕ ಮಾಡುವ ಆಕ್ರಮಣ" ಅಂತ ಗುರುತಿಸಿದರು. ಹೊಡೆಯೋದಿಲ್ಲ, ಬಡಿಯೋದಿಲ್ಲ. ಗುಂಪಿನಿಂದ ಹೊರಗಿಡೋದು, ಸುಳ್ಳು ಹಬ್ಬಿಸೋದು, "ಅವಳ ಜೊತೆ ಮಾತಾಡಿದರೆ ನಮ್ಮ ಜೊತೆ ಬೇಡ" ಅನ್ನೋದು. ಮೈಮೇಲೆ ಗಾಯ ಕಾಣಿಸಲ್ಲ, ಅದಕ್ಕೇ ಟೀಚರ್‌ಗೂ ಕಾಣಿಸಲ್ಲ.

ಈಗ ಇದಕ್ಕೆ ಫೋನ್ ಸೇರಿದೆ. 2019ರ ಡಿಸೆಂಬರ್‌ನಲ್ಲಿ ಮುಂಬೈಯ ಒಂದು ಶಾಲೆ ಹದಿಮೂರು, ಹದಿನಾಲ್ಕು ವರ್ಷದ ಹುಡುಗರನ್ನು ಅಮಾನತು ಮಾಡಿತು. ವಾಟ್ಸ್‌ಆಪ್ ಗುಂಪಿನಲ್ಲಿ ಅವರು ತಮ್ಮದೇ ಕ್ಲಾಸಿನ ಹುಡುಗಿಯರ ಬಗ್ಗೆ ಬರೆದಿದ್ದ ಹೊಲಸು ಮಾತು ಹುಡುಗಿಯರ ಮನೆಯವರ ಕಣ್ಣಿಗೆ ಬಿದ್ದಿತ್ತು. ಮನೆಯವರು ದೂರು ಕೊಟ್ಟಿದ್ದರಿಂದಲೇ ಅದು ಹೊರಬಂತು ಅನ್ನೋದನ್ನು ಗಮನಿಸಿ.

2020ರ ಮೇ ತಿಂಗಳಲ್ಲಿ ದೆಹಲಿಯ "ಬಾಯ್ಸ್ ಲಾಕರ್ ರೂಮ್" ಪ್ರಕರಣ ದೇಶವನ್ನೇ ಬೆಚ್ಚಿಬೀಳಿಸಿತು. ಆಗ ಎಲ್ಲರ ಫೋನಿನಲ್ಲೂ ಓಡಾಡಿದ ಒಂದು ಭಯಾನಕ ಸ್ಕ್ರೀನ್‌ಶಾಟ್ ಆ ಗುಂಪಿನದ್ದೇ ಅಲ್ಲ ಅಂತ ಪೊಲೀಸರ ತನಿಖೆಯಲ್ಲಿ ಗೊತ್ತಾಯಿತು. ಅದು ಬೇರೆ ಆ್ಯಪ್‌ನಲ್ಲಿ ನಡೆದ ಮಾತು, ಹುಡುಗನ ಹೆಸರಿನ ಸುಳ್ಳು ಖಾತೆಯಿಂದ ಒಬ್ಬ ಹುಡುಗಿ ಬರೆದದ್ದು. ಗುಂಪಿನ ತಪ್ಪು ಇದರಿಂದ ತೊಳೆದುಹೋಗಲಿಲ್ಲ. ಆದರೆ ಸ್ಕ್ರೀನ್‌ಶಾಟ್ ಅನ್ನೋದು ಕಿಟಕಿಯ ಒಂದು ಸರಳಿನ ಸಂದಿಯಿಂದ ಕಾಣುವಷ್ಟೇ. ನಿನ್ನ ಬಗ್ಗೆ ಓಡಾಡುವ ಸ್ಕ್ರೀನ್‌ಶಾಟ್‌ಗೂ ಇದೇ ಮಾತು, ನಿನ್ನ ಫೋನಿಗೆ ಬೇರೆಯವಳ ಬಗ್ಗೆ ಬಂದ ಸ್ಕ್ರೀನ್‌ಶಾಟ್‌ಗೂ ಇದೇ ಮಾತು.

ಸರಿ, ನಾಳೆ ಬೆಳಿಗ್ಗೆ ಏನು ಮಾಡೋದು?

ಒಂದು, ಎಲ್ಲರಿಗೂ ಸಮಜಾಯಿಷಿ ಕೊಡಬೇಡ. ನಲವತ್ತು ಜನರ ಹತ್ತಿರ "ಹಾಗಲ್ಲ, ಹೀಗೆ" ಅಂತ ಹೇಳೋಕೆ ಹೋದರೆ ನಲವತ್ತು ಹೊಸ ಕಥೆ ಹುಟ್ಟುತ್ತೆ. ಊರ ಬಾಯಿಗೆ ಕೈ ಅಡ್ಡ ಹಿಡಿಯೋಕಾಗಲ್ಲ. ಒಂದೇ ವಾಕ್ಯ ತಯಾರು ಮಾಡಿಟ್ಟುಕೋ: "ಅದು ನಿಜ ಅಲ್ಲ, ಅದರ ಬಗ್ಗೆ ನಾನು ಮಾತಾಡಲ್ಲ." ಕನ್ನಡಿ ಮುಂದೆ ಹತ್ತು ಸಲ ಹೇಳಿ ಅಭ್ಯಾಸ ಮಾಡು. ದನಿ ನಡುಗಿದರೂ ಪರವಾಗಿಲ್ಲ.

ಎರಡು, ಗುಂಪು ಬೇಡ, ಒಬ್ಬಳು ಸಾಕು. ಕಳೆದುಹೋದ ಐದು ಜನರನ್ನು ವಾಪಸ್ ತರೋಕೆ ಓಡಬೇಡ. ಹೆಚ್ಚು ಮಾತಾಡದ, ಕಡೇ ಬೆಂಚಿನಲ್ಲಿ ಕೂತು ಚಿತ್ರ ಬಿಡಿಸೋ ಹುಡುಗಿ ಇರ್ತಾಳಲ್ಲ, ರಿಸೆಸ್‌ನಲ್ಲಿ ಅವಳ ಪಕ್ಕ ಕೂತು ಡಬ್ಬ ಬಿಚ್ಚು. ಆಟ, ಭಜನೆ, ಯಕ್ಷಗಾನದ ಕ್ಲಾಸು, ಏನಾದರೂ ಒಂದು ಕಡೆ ಈ ಶಾಲೆಯವರೇ ಇಲ್ಲದ ಜನ ಇರಲಿ. ಅಲ್ಲಿ ನಿನಗೆ ಹಳೇ ಕಥೆ ಅಂಟಿರಲ್ಲ.

ಮೂರು, ಮಾತಾಡು, ಆದರೆ ಅದನ್ನೇ ಅರೆಯಬೇಡ. ಅಮಾಂಡಾ ರೋಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡುಬಂತು. ಇಬ್ಬರು ಗೆಳತಿಯರು ಒಂದೇ ನೋವನ್ನು ಮತ್ತೆ ಮತ್ತೆ ಅಗೆಯುತ್ತಿದ್ದರೆ ಸ್ನೇಹ ಗಟ್ಟಿಯಾಗಿರುತ್ತೆ, ಜೊತೆಗೆ ಆತಂಕ, ಖಿನ್ನತೆಯೂ ಹೆಚ್ಚಿರುತ್ತೆ. ಹಾಗಾಗಿ ಅರ್ಧ ಗಂಟೆ ಅವನ ವಿಷಯ, ಆಮೇಲೆ ಸಿನಿಮಾನೋ ಗಣಿತವೋ.

ನಾಲ್ಕು, ಬರಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಮನಸ್ಸಿನ ಗಾಯದ ಬಗ್ಗೆ ಬರೆಯಲು ಹೇಳಿದರು. ಬರೆದಾಗ ಬೇಜಾರು ಹೆಚ್ಚಾಯಿತು. ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋದದ್ದು ಕಡಿಮೆಯಾಯಿತು. ಕನ್ನಡ, ಇಂಗ್ಲಿಷ್, ಮರಾಠಿ, ತುಳು, ಯಾವ ಭಾಷೆಯಲ್ಲಾದರೂ ಬರಿ, ಆದರೆ ಫೋನಿನಲ್ಲಿ ಬೇಡ, ಕಾಗದದ ಮೇಲೆ. ಬರೆದು ಹರಿದು ಹಾಕಿದರೂ ಆಯಿತು.

ಐದು, ಅವನ ಸ್ಟೋರಿ ನೋಡೋದು ನಿಲ್ಲಿಸು. ಬ್ಲಾಕ್ ಮಾಡೋಕೆ ಮನಸ್ಸಿಲ್ಲದಿದ್ದರೆ ಮ್ಯೂಟ್ ಮಾಡು. ಗಾಯದ ಹಕ್ಕಳೆ ದಿನಾ ಕಿತ್ತರೆ ಅದು ಮಾಯೋದು ಯಾವಾಗ?

ಫೋಟೋ ಇದ್ದರೆ ವಿಷಯ ಬೇರೆ

ನಿನ್ನ ಖಾಸಗಿ ಫೋಟೋ ಹಂಚುತ್ತೀನಿ ಅಂತ ಯಾರಾದರೂ ಹೆದರಿಸಿದರೆ, ಅಥವಾ ಮುಖ ಅಂಟಿಸಿ ಅಶ್ಲೀಲ ಚಿತ್ರ ಮಾಡಿದರೆ, ಅದು ಗಾಸಿಪ್ ಅಲ್ಲ, ಅಪರಾಧ. ಹದಿನೆಂಟರೊಳಗಿನವರ ಲೈಂಗಿಕ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಂ ಮತ್ತು 2012ರ ಪೋಕ್ಸೋ ಕಾಯ್ದೆಯ ಕೆಳಗೆ ಬರುತ್ತೆ. "ಸಾಕ್ಷಿಗೆ" ಅಂತಲೂ ಆ ಚಿತ್ರವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡ. ಖಾತೆಯ ಹೆಸರು, ಲಿಂಕ್, ದಿನ, ಸಮಯ ಬರೆದಿಡು. ಬೆದರಿಕೆಯ ಮೆಸೇಜ್ ಅಳಿಸಬೇಡ. ಒಬ್ಬ ದೊಡ್ಡವರಿಗೆ ಅವತ್ತೇ ಹೇಳು.

ಮಕ್ಕಳ ಸಹಾಯವಾಣಿ 1098. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ, ಮಕ್ಕಳ ಮೇಲಿನ ಅಪರಾಧಗಳಿಗೆ ಬೇರೆ ವಿಭಾಗ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. "ಟೇಕ್ ಇಟ್ ಡೌನ್" ಅನ್ನೋ ಉಚಿತ ಸೇವೆಯೂ ಇದೆ. ಅದು ನಿನ್ನ ಫೋನಿನಲ್ಲೇ ಚಿತ್ರದ ಒಂದು ಡಿಜಿಟಲ್ ಗುರುತು ತಯಾರಿಸಿ, ಆ ಗುರುತನ್ನು ಮಾತ್ರ ಆ ಸೇವೆಗೆ ಸೇರಿದ ಕಂಪನಿಗಳಿಗೆ ಕಳಿಸುತ್ತೆ. ಚಿತ್ರ ನಿನ್ನ ಫೋನ್ ಬಿಟ್ಟು ಹೋಗಲ್ಲ.

ಈಗ ಅಮ್ಮಂದಿರಿಗೆ

ಮಗಳು ಹೇಳಿದ ಕೂಡಲೇ ನಿಮ್ಮ ಬಾಯಿಗೆ ಮೂರು ಮಾತು ಬರುತ್ತೆ: "ಬೆಂಕಿ ಇಲ್ಲದೆ ಹೊಗೆ ಆಡುತ್ತಾ?", "ಕೊಡು ಆ ಫೋನು", "ಊರಿಗೆ ಕಳಿಸಿಬಿಡ್ತೀವಿ." ದಯವಿಟ್ಟು ಮೂರನ್ನೂ ನುಂಗಿಕೊಳ್ಳಿ. ಮೊದಲನೆಯದು ಕೇಳಿದರೆ ಅವಳಿಗೆ ಮನೆಯೂ ಕ್ಲಾಸಿನ ಥರವೇ ಕಾಣುತ್ತೆ. ಎರಡನೆಯದು ಕೇಳಿದರೆ ನಾಳೆ ಯಾರಾದರೂ ಬೆದರಿಸಿದರೂ ನಿಮಗೆ ಹೇಳಲ್ಲ. ಮೂರನೆಯದು ಕೇಳಿದರೆ ತಪ್ಪು ಮಾಡಿದವರು ಇಲ್ಲೇ ಇರ್ತಾರೆ, ಶಿಕ್ಷೆ ಇವಳಿಗೆ ಅಂತಾಗುತ್ತೆ. ಅದರ ಬದಲು "ಹೇಳಿದ್ದು ಒಳ್ಳೇದಾಯ್ತು. ಊಟ ಮಾಡು, ಆಮೇಲೆ ಇಬ್ಬರೂ ಕೂತು ಯೋಚನೆ ಮಾಡೋಣ" ಅನ್ನಿ. ಅಪ್ಪನಿಗೆ ಹೇಗೆ, ಯಾವಾಗ ಹೇಳಬೇಕು ಅನ್ನೋದನ್ನೂ ಅವಳನ್ನು ಕೇಳಿಯೇ ತೀರ್ಮಾನ ಮಾಡಿ. ಸಂಘದ ಕಾರ್ಯಕ್ರಮದಲ್ಲಿ ಬೇರೆಯವರ ಮಗಳ ಮಾತು ಬಂದಾಗ ನೀವು ಏನು ಮಾತಾಡ್ತೀರಿ ಅನ್ನೋದನ್ನು ನಿಮ್ಮ ಮಗಳು ಕೇಳಿಸಿಕೊಳ್ತಿರ್ತಾಳೆ. ನಿಮ್ಮ ಹತ್ತಿರ ಹೇಳಬಹುದೋ ಬೇಡವೋ ಅಂತ ಅವಳು ಅಲ್ಲೇ ನಿರ್ಧಾರ ಮಾಡಿರ್ತಾಳೆ.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರಲ್ಲ, ಶಾಲೆಗೆ ಹೋಗಲ್ಲ ಅಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. "ನಾನು ಇರಲೇಬಾರದಿತ್ತು" ಅಂತ ಒಂದೇ ಒಂದು ಸಲ ಅಂದರೂ, ಕೈ ಕೊಯ್ದುಕೊಂಡ ಗುರುತು ಕಂಡರೂ, ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ, ಒಬ್ಬಳನ್ನೇ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಹುಡುಗಿಯೇ ಫೋನ್ ಮಾಡಬಹುದು.

ಕೊನೆಯದಾಗಿ, ಈ ಕಥೆಯಲ್ಲಿ ನೀನು ಆ ಹುಡುಗಿ ಅಲ್ಲದೆ ಇರಬಹುದು. ಅವಳ ಕ್ಲಾಸಿನಲ್ಲಿ ಕೂತು, ಏನೂ ಹೇಳದೆ ನೋಡ್ತಿರೋ ಮೂವತ್ತು ಜನರಲ್ಲಿ ಒಬ್ಬಳಾಗಿರಬಹುದು. ಅವಳ ಪರ ಜಗಳ ಮಾಡು ಅಂತ ನಾನು ಹೇಳಲ್ಲ, ಅದಕ್ಕೆ ಧೈರ್ಯ ಬೇಕು. ನಿನ್ನ ಫೋನಿಗೆ ಬಂದ ಮೆಸೇಜನ್ನು ಮುಂದೆ ಕಳಿಸಬೇಡ. ನಾಳೆ ಅವಳು ಕ್ಲಾಸಿಗೆ ಬಂದಾಗ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡು. ಅಷ್ಟು ಮಾಡು ಸಾಕು. ಮುಂದಿನ ವಿಡಿಯೋದಲ್ಲಿ ಸಿಗೋಣ.