ಗದ್ದಲದೊಳಗಿನ ಷಡ್ಜ ಪಂಚಮ

ಮೊಹರಮ್ಮಿಗೆಂದು ಬೆಂಗಳೂರಿನಿಂದ ನಮ್ಮೂರು ಗುಂಡಗುರ್ತಿಗೆ ಬಂದಿದ್ದ ಅಣ್ಣನ ಮಗ ತನ್ನ ಹೆಡ್‌ಫೋನು ತೆಗೆದು ನನ್ನ ಕಿವಿಗಿಟ್ಟ. "ಕಾಕಾ, ಮೂರು ಸಲ ಕೇಳ್ರಿ. ಒಂದೇ ಸಲಕ್ಕ ಏನೂ ಅನ್ನಬ್ಯಾಡ್ರಿ" ಅಂದ. ಮೊದಲನೆಯ ಸಲ ನನಗೆ ಕೇಳಿಸಿದ್ದು ಗೋಡೆ ಕುಸಿದ ಸದ್ದು, ಅದರೊಳಗೆ ಯಾರೋ ಗಂಟಲು ಹರಿದುಕೊಳ್ಳುವ ಕೂಗು. ಪಕ್ಕದಲ್ಲೇ ತೊಗರಿ ಹಸನು ಮಾಡುತ್ತ ಕುಳಿತಿದ್ದ ಅವ್ವ ತಾನೂ ಕೇಳುತ್ತೇನೆಂದು ಇಸಿದುಕೊಂಡಳು. ಅರ್ಧ ನಿಮಿಷಕ್ಕೆ ಕೆಳಗಿಟ್ಟು, "ಇದೇನ್ ತಮ್ಮಾ, ಶಹಾಬಾದಿನ ಪರ್ಸಿ ಕೊಯ್ಯೋ ಮಷೀನ್ ಕಿವ್ಯಾಗ ಹಚ್ಚಿದಂಗ ಆಗ್ಲಾಕತ್ತದ" ಅಂದಳು. ಹುಡುಗ ಬೇಸರ ಮಾಡಿಕೊಳ್ಳಲಿಲ್ಲ. "ಹೌದು ಆಯಿ, ನನಗ ಸೇರೋದೇ ಅದು" ಅಂದ.

ಅವನು ಕೇಳುವುದು ಹೆವಿ ಮೆಟಲ್. ಹಾಸ್ಟೆಲಿನಲ್ಲಿ ರೂಮಿನ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಕೊಟ್ಟ ಐರನ್ ಮೇಡನ್ ತಂಡದ ಹಾಡುಗಳಿಂದ ಶುರುವಾಯಿತಂತೆ. ಅಲ್ಲಿಂದ ಮೆಟಾಲಿಕಾ, ಅಲ್ಲಿಂದ ಇನ್ನೂ ವೇಗದ ಥ್ರಾಶ್. ಒಂದು ವರ್ಷ ಪೂರ್ತಿ ಡೆತ್ ಮೆಟಲ್. ಕೊನೆಗೆ ಎಲ್ಲವನ್ನೂ ದಾಟಿ, ಆನೆ ನಡೆದಂತೆ ನಿಧಾನವಾಗಿ ಸಾಗುವ ಡೂಮ್ ಎಂಬ ಶೈಲಿಗೆ ಬಂದು ನಿಂತಿದ್ದಾನೆ. ಒಂದೇ ಮರದ ಇಷ್ಟೆಲ್ಲ ಕೊಂಬೆಗಳಲ್ಲಿ ಈ ಕೊಂಬೆಯೇ ಏಕೆ? ಅವನನ್ನು ಕೇಳಿದರೆ "ಗೊತ್ತಿಲ್ಲ, ಅಲ್ಲಿ ಬಂದು ಕುಂತೀನಿ" ಎನ್ನುತ್ತಾನೆ. ಆ ಕುಳಿತದ್ದು ಹೇಗೆ ಎಂಬುದರ ಬಗ್ಗೆ ಮಿದುಳಿನ ವಿಜ್ಞಾನಕ್ಕೆ ಹೇಳಲು ಸಾಕಷ್ಟಿದೆ.

ಅವ್ವನ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಈ ಸಂಗೀತ ಹುಟ್ಟಿದ್ದು ಕಾರ್ಖಾನೆಯ ಊರಿನಲ್ಲಿ. ನಮ್ಮ ವಾಡಿಯಲ್ಲಿ ಸಿಮೆಂಟು ಹೇಗೋ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಬ್ಬಿಣ, ಉಕ್ಕು ಹಾಗೆ. 1965ರಲ್ಲಿ ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸದ ಕೊನೆಯ ದಿನ ಟೋನಿ ಅಯೋಮಿ ಎಂಬ 17ರ ಹುಡುಗನ ಬಲಗೈಯ ಎರಡು ಬೆರಳಿನ ತುದಿಗಳನ್ನು ಯಂತ್ರ ಕತ್ತರಿಸಿಹಾಕಿತು. ಅವನು ಎಡಚ. ತಂತಿ ಒತ್ತಬೇಕಾದ ಬೆರಳುಗಳೇ ಹೋದವು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿಕೊಂಡ, ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿಬಿಟ್ಟ. ಬ್ಲಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ 1970ರ ಫೆಬ್ರುವರಿ 13ರಂದು ಹೊರಬಂದಾಗ ಜನ ಕೇಳಿದ ಆ ಭಾರದ, ಮಂದ್ರದ ನಾದದ ಹಿಂದೆ ಗಾಯಗೊಂಡ ಕೈಯೊಂದಿತ್ತು. ನಮ್ಮ ಹುಡುಗ ಈಗ ಕುಳಿತಿರುವ ಡೂಮ್ ಶೈಲಿಗೆ ಬೇರು ಅದೇ ತಂಡ.

ಆ ನಾದದ ಒಳಗೊಂದು ಸೊಗಸಾದ ಭೌತಶಾಸ್ತ್ರವಿದೆ. ಮೆಟಲ್ ಗಿಟಾರಿನವರು ಹೆಚ್ಚಾಗಿ ನುಡಿಸುವುದು ಎರಡೇ ಸ್ವರಗಳ ಜೋಡಿ, ಪವರ್ ಕಾರ್ಡ್ ಎನ್ನುತ್ತಾರೆ. ಆ ಎರಡು ಸ್ವರ ನಮಗೆ ಹೊಸವಲ್ಲ, ಷಡ್ಜ ಮತ್ತು ಪಂಚಮ. ತಂಬೂರಿ ಮೀಟಿದಾಗ ಕೇಳುವ ಅದೇ ಸ ಮತ್ತು ಪ, ಕಂಪನಗಳ ಲೆಕ್ಕದಲ್ಲಿ 2ಕ್ಕೆ 3. ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಅದರ ಪಂಚಮ ಸುಮಾರು 123. ಈ ಎರಡನ್ನೂ ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ತುರುಕಿದಾಗ ಅಲೆಗಳ ನೆತ್ತಿ ಚಪ್ಪಟೆಯಾಗುತ್ತದೆ, ನಾದ ಒಡೆಯುತ್ತದೆ. ಡಿಸ್ಟಾರ್ಷನ್ ಎಂದರೆ ಇದೇ. ಒಡೆದ ನಾದದಲ್ಲಿ ಮೂಲದಲ್ಲಿ ಇಲ್ಲದ ಸ್ವರಗಳು ಹುಟ್ಟುತ್ತವೆ. ಅವುಗಳಲ್ಲೊಂದು ಎರಡು ಕಂಪನಗಳ ವ್ಯತ್ಯಾಸದ್ದು: 123ರಲ್ಲಿ 82 ಕಳೆದರೆ 41. ಅಂದರೆ ಷಡ್ಜದ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಷಡ್ಜ! ಗಿಟಾರಿನ ಯಾವ ತಂತಿಯೂ ನುಡಿಸದ ಸ್ವರ, ಎದೆಗೂಡಿನಲ್ಲಿ ಗುಂಯ್ ಎನ್ನುವ ಸ್ವರ. ಎರಡರ ಬದಲು ಬೇರೆ ಬೇರೆ ಅಂತರದ ಮೂರು ನಾಲ್ಕು ಸ್ವರ ಸೇರಿಸಿದರೆ ಇದೇ ಒಡಕು ರಾಡಿಯಾಗಿಬಿಡುತ್ತದೆ. ಸ ಪ ಜೋಡಿ ಮಾತ್ರ ಎಷ್ಟು ಒಡೆದರೂ ತನ್ನ ಶ್ರುತಿಯನ್ನು ಬಿಡುವುದಿಲ್ಲ. ಇದು ನನಗೆ ತಿಳಿದ ದಿನ ಆ ಗದ್ದಲದ ಬಗ್ಗೆ ಇದ್ದ ಅಸಡ್ಡೆ ಹೋಯಿತು.

ಹಾಗಿದ್ದರೂ ಮೊದಲ ಸಲ ಕೇಳಿದವರು ಮುಖ ಕಿವುಚುವುದೇಕೆ? ಮಾತಿನಲ್ಲಿ ಧ್ವನಿಯ ಜೋರು ಏರಿಳಿಯುವುದು ಸೆಕೆಂಡಿಗೆ ನಾಲ್ಕೈದು ಸಲ. ಹೆದರಿದ ಮನುಷ್ಯ ಚೀರಿದಾಗ ಅದೇ ಏರಿಳಿತ ಸೆಕೆಂಡಿಗೆ 30ರಿಂದ 150 ಸಲಕ್ಕೆ ಏರುತ್ತದೆ ಎಂದು 2015ರಲ್ಲಿ ಲ್ಯೂಕ್ ಅರ್ನಾಲ್ ಮತ್ತು ಸಂಗಡಿಗರು ತೋರಿಸಿದರು. ಇದಕ್ಕೆ ಒರಟುತನ ಎನ್ನಬಹುದು. ಕಾರ್ಖಾನೆಯ ಅಪಾಯದ ಸೈರನ್ನಿನಲ್ಲೂ ಇದೇ ಒರಟುತನ. ಇಂಥ ಸದ್ದು ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗವನ್ನು ಎಚ್ಚರಿಸುತ್ತದೆ. ಡೆತ್ ಮೆಟಲ್ ಗಾಯಕರು ಧ್ವನಿತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನು ಕಂಪಿಸಿ ಗುರುಗುಟ್ಟಿದಾಗ ಹೊರಡುವುದೂ ಒರಟು ದನಿಯೇ. ಆದ್ದರಿಂದ ಹೊಸಬನ ಮಿದುಳು "ಅಪಾಯ, ಎದ್ದು ಹೋಗು" ಎನ್ನುವುದು ಸಹಜ.

ಅಪಾಯ ಬರುವುದಿಲ್ಲ ಎಂದು ಗೊತ್ತಾಗುವವರೆಗೆ ಮಾತ್ರ. ಅಣ್ಣನ ಮಗ "ಮೂರು ಸಲ" ಎಂದಿದ್ದರ ಮಹತ್ವ ಇಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ 1968ರಲ್ಲಿ ಅರ್ಥವೇ ಇಲ್ಲದ ಪದಗಳನ್ನು, ಓದಲು ಬಾರದ ಚೀನೀ ಮಾದರಿಯ ಅಕ್ಷರಗಳನ್ನು ಜನರಿಗೆ ಮತ್ತೆ ಮತ್ತೆ ತೋರಿಸಿದರು. ಹೆಚ್ಚು ಸಲ ಕಂಡದ್ದರ ಬಗ್ಗೆ ಜನರ ಒಲವೂ ಹೆಚ್ಚಿತು. ಬರಿಯ ಪರಿಚಯವೇ ಒಲವನ್ನು ಹುಟ್ಟಿಸುತ್ತದೆ.

ಸಂಗೀತದಲ್ಲಿ ಈ ಪರಿಚಯ ಇನ್ನೂ ಒಂದು ಕೆಲಸ ಮಾಡುತ್ತದೆ. ನಮ್ಮ ಮಿದುಳು ಕೇಳುತ್ತ ಕೂರುವುದಿಲ್ಲ, ಮುಂದೇನು ಬರುತ್ತದೆಂದು ಊಹಿಸುತ್ತ ಓಡುತ್ತಿರುತ್ತದೆ. ಮೊಹರಮ್ಮಿನ ಹೆಜ್ಜೆ ಕುಣಿತ ನೋಡಿದವರಿಗೆ ಇದು ಗೊತ್ತು. ಹಲಗೆಯವರು ಮೊದಲು ಬೆಂಕಿಯ ಹತ್ತಿರ ಹಲಗೆ ಹಿಡಿದು ಕಾಯಿಸುತ್ತಾರೆ. ತೇವ ಹೀರಿ ಜೋತ ಚರ್ಮ ಬಿಗಿಯಾಗಿ ಸದ್ದು ಮೇಲೇರುತ್ತದೆ, ಬೆರಳಲ್ಲಿ ತಟ್ಟಿ ನೋಡಿ ಮತ್ತೆ ಕಾಯಿಸುತ್ತಾರೆ. ಬಾರಿಸಲು ತೊಡಗಿದರೆ ಹೊರಗಿನವನಿಗೆ ಅದೊಂದೇ ಸಮನೆ ಗದ್ದಲ. ಇಲ್ಲೇ ಹುಟ್ಟಿ ಬೆಳೆದ ಹುಡುಗನ ಕಾಲಿಗೆ ಮಾತ್ರ ಉರುಳಿಕೆ ಎಲ್ಲಿ ಮುಗಿಯುತ್ತದೆ, ಹೆಜ್ಜೆ ಎಲ್ಲಿ ತಿರುಗಬೇಕು ಎಂಬುದು ಮೊದಲೇ ಗೊತ್ತು. ಸದ್ದು ಒಂದೇ, ಊಹೆ ಮಾಡಬಲ್ಲ ಕಿವಿ ಬೇರೆ.

ಊಹೆಗೂ ಸುಖಕ್ಕೂ ಇರುವ ನಂಟನ್ನು ಅಳೆದಿದ್ದಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವಲೋರಿ ಸಲೀಂಪೂರ್ ಮತ್ತು ರಾಬರ್ಟ್ ಝಟೋರೆ ಅವರ ತಂಡ 2011ರಲ್ಲಿ, ಮೆಚ್ಚಿನ ಸಂಗೀತ ಕೇಳುವವರ ಮಿದುಳನ್ನು ಸ್ಕ್ಯಾನ್ ಮಾಡಿತು. ಮೈ ಜುಮ್ಮೆನ್ನುವ ಘಳಿಗೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಹೊಮ್ಮುತ್ತಿತ್ತು. ಆ ಘಳಿಗೆ ಬರಲಿದೆ ಎಂದು ಕಾಯುವ ಕೆಲವು ಸೆಕೆಂಡುಗಳಲ್ಲಿಯೂ ಮಿದುಳಿನ ಇನ್ನೊಂದು ಭಾಗದಲ್ಲಿ ಅದು ಹೊಮ್ಮುತ್ತಿತ್ತು. ಕಾಯುವುದೇ ಒಂದು ಸುಖ. 2019ರಲ್ಲಿ ವಿನ್ಸೆಂಟ್ ಚಿಯುಂಗ್ ಮತ್ತು ಸಂಗಡಿಗರು ಜನಪ್ರಿಯ ಹಾಡುಗಳ ಸುಮಾರು 80,000 ಸ್ವರಮೇಳಗಳನ್ನು ಲೆಕ್ಕ ಹಾಕಿ ಕಂಡುಕೊಂಡದ್ದು ಇನ್ನೂ ಸೂಕ್ಷ್ಮ: ಮುಂದೇನೆಂದು ಖಾತ್ರಿ ಇದ್ದಾಗ ಅಚ್ಚರಿ ಎದುರಾದರೆ ಹಿತ, ಏನೂ ಖಾತ್ರಿ ಇಲ್ಲದಾಗ ನಿರೀಕ್ಷಿಸಿದ್ದೇ ಬಂದರೆ ಹಿತ.

ಇದನ್ನು ಹಿಡಿದುಕೊಂಡು ಅಣ್ಣನ ಮಗನ ದಾರಿ ನೋಡಿದರೆ ನನಗೆ ಒಂದು ನಕ್ಷೆ ಕಾಣುತ್ತದೆ. ಐರನ್ ಮೇಡನ್‌ನಲ್ಲಿ ಬಾಯಲ್ಲಿ ಗುನುಗಬಹುದಾದ ರಾಗವಿದೆ, ಕುದುರೆ ಓಟದಂಥ ಲಯವಿದೆ. ಹೊಸ ಕಿವಿಗೆ ಹಿಡಿದುಕೊಳ್ಳಲು ಕೈಹಿಡಿ ಉಂಟು. ಒಂದು ಮೆಟ್ಟಿಲು ಪಳಗಿದ ಮೇಲೆ ಅಲ್ಲಿ ಅಚ್ಚರಿ ಉಳಿಯುವುದಿಲ್ಲ, ಕಿವಿ ಮುಂದಿನ ಮೆಟ್ಟಿಲು ಹುಡುಕುತ್ತದೆ. ಡೆತ್ ಮೆಟಲ್ಲಿನ ಡ್ರಮ್ಮು ನಿಮಿಷಕ್ಕೆ 200 ತಾಳದ ವೇಗದಲ್ಲಿ, ಒಂದೊಂದು ತಾಳಕ್ಕೆ ನಾಲ್ಕು ಪೆಟ್ಟಿನಂತೆ ಬಿದ್ದರೆ ಸೆಕೆಂಡಿಗೆ ಸುಮಾರು 13 ಪೆಟ್ಟು. ಸೆಕೆಂಡಿಗೆ ಸುಮಾರು 20 ದಾಟಿದರೆ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಿಸದೆ ಒಂದೇ ನಾದವಾಗಿ ಬೆಸೆಯುತ್ತವೆ. ಆ ಗಡಿಯ ಹತ್ತಿರವೇ ಆಡುವ ಸಂಗೀತ ಇದು. ಪಳಗಿದವನು ಪೆಟ್ಟು ಎಣಿಸುವುದಿಲ್ಲ, ಅದರ ಅಡಿಯಲ್ಲಿರುವ ನಿಧಾನದ ತಾಳವನ್ನು ಹಿಡಿದು ತಲೆಯಾಡಿಸುತ್ತಾನೆ. ಹಲಗೆಯ ಉರುಳಿಕೆಗೆ ಹೆಜ್ಜೆ ಹಾಕುವವನು ಮಾಡುವುದೂ ಅದನ್ನೇ.

ಆದರೆ ಮೆಟ್ಟಿಲು ಹತ್ತಲು ಮೊದಲು ಯಾರಾದರೂ ಬಾಗಿಲು ತೆರೆಯಬೇಕಲ್ಲ. ನಮ್ಮ ಅಭಿರುಚಿ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವವರು ಒಂದು ಪ್ರಯೋಗದ ಬಗ್ಗೆ ತಿಳಿಯಬೇಕು. ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಯಾರೂ ಕೇಳಿರದ ತಂಡಗಳ 48 ಹಾಡುಗಳನ್ನು 14,341 ಜನರ ಮುಂದಿಟ್ಟರು. ಕೆಲವರು ತಾವೇ ಕೇಳಿ ಆಯ್ದುಕೊಂಡರು. ಉಳಿದವರನ್ನು 8 ಲೋಕಗಳಾಗಿ ಹಂಚಿ, ಆಯಾ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರೆಂದು ತೋರಿಸಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲ ಲೋಕಗಳೂ ಸೊನ್ನೆಯಿಂದಲೇ ಹೊರಟಿದ್ದರೂ ಒಂದರಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಮೂಲೆಗೆ ಬಿತ್ತು. ಬಹಳ ಒಳ್ಳೆಯವು ಸೋತದ್ದು ವಿರಳ, ಬಹಳ ಕೆಟ್ಟವು ಗೆದ್ದದ್ದೂ ವಿರಳ. ನಡುವಿನ ಹಾಡುಗಳ ಹಣೆಬರಹ ಮೊದಲು ಕೇಳಿದ ಕೆಲವರ ಕೈಯಲ್ಲಿತ್ತು. ಹಾಸ್ಟೆಲಿನ ಆ ಪೆನ್‌ಡ್ರೈವಿನಲ್ಲಿ ಬೇರೇನೋ ಇದ್ದಿದ್ದರೆ ನಮ್ಮ ಹುಡುಗ ಇಂದು ಬೇರೆ ಕೊಂಬೆಯ ಮೇಲಿರುತ್ತಿದ್ದನೋ ಏನೋ.

ಕರ್ನಾಟಕದಲ್ಲಿ ಆ ಬಾಗಿಲು ಬೆಂಗಳೂರಿನದು. 1980ರ ದಶಕದ ಕೊನೆಗೇ ಅಲ್ಲಿ ಮಿಲೆನಿಯಮ್ ತಂಡವಿತ್ತು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆಯನ್ನೇ ಹತ್ತಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. 2012ರಿಂದ ಬೆಂಗಳೂರು ಓಪನ್ ಏರ್ ಉತ್ಸವ ಬಂತು. ಹೀಗೆ ಒಂದೇ ಊರಿನಲ್ಲಿ ಬೇರೆ ಬೇರೆ ಕೊಂಬೆಯವರು ಎದುರಾಗುವಂತಾಯಿತು. ಹಳೆಯ ಧಾಟಿ ಬೇಕಾದವರಿಗೆ ಕ್ರಿಪ್ಟೋಸ್, ಗುರುಗುಟ್ಟುವುದು ಬೇಕಾದವರಿಗೆ ಮೈಂಡ್‌ಸ್ನೇರ್, ಭಾರ ಬೇಕಾದವರಿಗೆ ಬೇವರ್ ಸೀ. ಕೊನೆಯ ಹೆಸರನ್ನು ಕೂಡಿಸಿ ಓದಿದರೆ ಕನ್ನಡದ ಬೈಗುಳ ಕೇಳಿಸುತ್ತದೆ. ಬೇಕೆಂದೇ ಇಟ್ಟ ಹೆಸರು. ನಮ್ಮ ಹುಡುಗನಿಗೆ ಡೂಮ್ ಹತ್ತಿರವಾದದ್ದು ಆ ಹೆಸರು ನೋಡಿ ಕೇಳಲು ಹೋದಾಗ.

ಇಂಥದ್ದನ್ನು ಕೇಳಿದರೆ ಹುಡುಗರು ಸಿಟ್ಟಿನವರಾಗುತ್ತಾರೆ ಎಂಬ ಭಯ ಮನೆಗಳಲ್ಲಿದೆ, ನಮ್ಮ ಮನೆಯಲ್ಲೂ ಇತ್ತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶಾರ್ಮನ್ ಮತ್ತು ಜೆನಿವೀವ್ ಡಿಂಗಲ್ ಇಂಥ ಸಂಗೀತದ 39 ಅಭಿಮಾನಿಗಳಿಗೆ ಸಿಟ್ಟು ಬಂದ ಪ್ರಸಂಗಗಳನ್ನು ನೆನಪಿಸಿ ಕೆರಳಿಸಿದರು. ಆಮೇಲೆ ಅರ್ಧ ಜನರಿಗೆ ಹತ್ತು ನಿಮಿಷ ಅವರದೇ ಮೆಚ್ಚಿನ ಹಾಡು, ಇನ್ನರ್ಧಕ್ಕೆ ಮೌನ. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಹಾಡು ಕೇಳಿದವರ ಹಗೆತನ, ಕಿರಿಕಿರಿ ಮೌನವಾಗಿ ಕುಳಿತವರಷ್ಟೇ ಇಳಿದಿತ್ತು. ಅದರ ಜೊತೆಗೆ ಉತ್ಸಾಹ ಏರಿತ್ತು. ಅಭಿಮಾನಿಗಳ ಮೇಲೆ ಮಾಡಿದ ಪ್ರಯೋಗ ಇದು, ಬಲವಂತವಾಗಿ ಕೇಳಿಸಿದರೆ ಅವ್ವನಿಗೂ ಹೀಗೇ ಆಗುತ್ತದೆಂದು ಅರ್ಥವಲ್ಲ. ಆದರೆ ಹುಡುಗನ ಕೋಣೆಯ ಬಾಗಿಲು ಬಡಿಯುವ ಮುನ್ನ ತಂದೆತಾಯಿ ಇದನ್ನು ತಿಳಿದಿರಲಿ ಎಂದು ನನ್ನ ಆಸೆ.

ಇನ್ನು ವಯಸ್ಸು. ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡು ಕೇಳಿಸಿ ನೋಡಿದಾಗ, ಜನರ ಒಲವು ಹೆಚ್ಚಾಗಿ ತಮ್ಮ 23-24ರ ಹರೆಯದಲ್ಲಿ ಚಾಲ್ತಿಯಲ್ಲಿದ್ದ ಹಾಡುಗಳ ಸುತ್ತ ಇತ್ತು. ಊರು ಬಿಟ್ಟು ಹೋಗುವ, ಹೊಸ ಗೆಳೆಯರನ್ನು ಕಟ್ಟಿಕೊಳ್ಳುವ ವಯಸ್ಸು ಅದು. ನಮ್ಮ ಭಾಗದಿಂದ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವ ಹುಡುಗ ಹುಡುಗಿಯರ ವಯಸ್ಸೂ ಅದೇ. ಆದರೆ ಅದು ಬಹಳ ಜನರ ಸರಾಸರಿ, ಒಬ್ಬೊಬ್ಬರ ಕಿವಿಗೆ ಹಾಕಿದ ಬೀಗವಲ್ಲ.

ನನ್ನ ಎರಡನೆಯ ಸಲದಲ್ಲಿ ಡ್ರಮ್ಮು ಬೇರೆ, ಗಿಟಾರು ಬೇರೆ ಎಂದು ತಿಳಿಯಿತು. ಮೂರನೆಯದನ್ನು ಕೇಳಿದ್ದು ಮೊಹರಮ್ಮಿನ ಅಲಾಯಿ ಕುಣಿಯ ಬೆಂಕಿ ಆರಿ, ಹಲಗೆಯವರು ಮನೆಗೆ ಹೋದ ಮೇಲೆ, ಅಂಗಳದ ಕತ್ತಲಲ್ಲಿ. ಯಾವ ತಂತಿಯೂ ನುಡಿಸದ ಆ 41ರ ಷಡ್ಜ ಅಂದು ಸಿಕ್ಕಿತು, ತಂಬೂರಿಯಂತೆ ಹಿಂದೆ ನಿಂತಿತ್ತು. ಹೆಡ್‌ಫೋನು ತೆಗೆದಾಗ ಅವ್ವ ಇನ್ನೂ ಎಚ್ಚರವಾಗಿದ್ದಳು. "ಅದ್ರಾಗ ಮೆಲ್ಲಕ್ ನಡಿಯೋದು ಒಂದದ ಅಂದಿದ್ಯಲ್ಲ ತಮ್ಮಾ, ಅದನ್ನಟು ಹಚ್ಚು ನೋಡಾಮಿ" ಎಂದು ಮೊಮ್ಮಗನ ಕಡೆ ಕೈ ಚಾಚಿದಳು.